6.5 ಇಂಚಿನ ವೂಫರ್‌ಗೆ 20 ಲೀಟರ್ ಪೆಟ್ಟಿಗೆ: ಅಳತೆ, ಪ್ಲೈವುಡ್, ಪಾಲಿಶ್ ಬಗ್ಗೆ ಸಲಹೆ ಬೇಕು

ಘಟ್ಟದಕೆಳಗಿನವ:

ಎಲ್ಲರಿಗೂ ನಮಸ್ಕಾರ. ಟೂ-ವೇ ಬುಕ್‌ಶೆಲ್ಫ್ ಸ್ಪೀಕರ್ ಒಂದು ಜೋಡಿ ಮಾಡುವ ಯೋಚನೆ ಉಂಟು. ವೂಫರ್ (ಬೇಸ್ ಕೊಡುವ ದೊಡ್ಡ ಡ್ರೈವರ್) 6.5 ಇಂಚು, ಟ್ವೀಟರ್ (ಏರುದನಿಗೆ ಇರುವ ಸಣ್ಣದು) 1 ಇಂಚಿನ ಡೋಮ್. ವೂಫರಿನ ಡೇಟಾ ಶೀಟ್ ಪ್ರಕಾರ ಎಫ್‌ಎಸ್ (ವೂಫರಿನ ಸ್ವಂತ ಅನುರಣನ ಆವರ್ತನ) 42 ಹರ್ಟ್ಜ್, ಕ್ಯೂಟಿಎಸ್ (ಆ ಅನುರಣನ ಎಷ್ಟು ಹಿಡಿತದಲ್ಲಿ ಉಂಟು ಅನ್ನುವ ಅಂಕಿ) 0.38, ವಿಎಎಸ್ (ಕೋನ್ ಹಿಡಿದಿರುವ ಭಾಗದಷ್ಟೇ ಬಿಗಿ ಇರುವ ಗಾಳಿಯ ಗಾತ್ರ) 22 ಲೀಟರ್. ಪೋರ್ಟ್ (ಬೇಸ್ ಹೆಚ್ಚಿಸುವ ಗಾಳಿಕೊಳವೆ) ಹಿಂದುಗಡೆ ಇಡುವುದು. ಒಳ ಅಳತೆ 200 × 275 × 400 ಮಿ.ಮೀ. ಅಂತ ಹಾಕಿಕೊಂಡಿದ್ದೇನೆ. 22 ಲೀಟರ್ ಆಗ್ತದೆ, ವೂಫರ್, ಪೋರ್ಟ್, ಬ್ರೇಸ್ (ಒಳಗಿನ ಆಧಾರದ ಅಡ್ಡಹಲಗೆ) ಎಲ್ಲ ಸೇರಿ 2 ಲೀಟರ್ ತಿಂದರೂ 20 ಉಳೀತದೆ.

ಅಳತೆ ಸರಿ ಉಂಟಾ? 18 ಮಿ.ಮೀ. ಪ್ಲೈ ಸಾಕಾ, 25ಕ್ಕೆ ಹೋಗಬೇಕಾ? ಪೋರ್ಟಿಗೆ 63 ಮಿ.ಮೀ. ಪಿವಿಸಿ ಪೈಪ್ ಇದೆ, ಎಷ್ಟು ಉದ್ದ ಕತ್ತರಿಸಬೇಕು? ಕೊನೆಗೆ ತೇಗದ ವಿನೀರ್ (ಮರದ ತೆಳು ಹಾಳೆ) ಹಚ್ಚಿ ಪಾಲಿಶ್ ಮಾಡಬೇಕು. ನಮ್ಮದು ಪುತ್ತೂರು ಕಡೆ, ಮಳೆಗಾಲದಲ್ಲಿ ಮೆಲಮೈನ್ ಪಾಲಿಶ್ ಬೆಳ್ಳಗಾಗ್ತದೆ ಅಂತ ಇಲ್ಲಿನ ಆಚಾರಿಗಳು ಹೇಳ್ತಾರೆ. ಅದಕ್ಕೇನು ದಾರಿ?

ಲೀಟರ್‌ಲೆಕ್ಕ:

ಗಾತ್ರ ಸರಿ ಇದೆ, ಆಕಾರ ಸರಿ ಇಲ್ಲ. 400 ಅನ್ನೋದು 200ರ ಸರಿಯಾಗಿ ಎರಡರಷ್ಟು. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಅಲೆಯ ಆವರ್ತನ ತಿಳಿಯೋಕೆ 344ನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ. ಎತ್ತರ 400 ಇದ್ದರೆ 430 ಹರ್ಟ್ಜ್, ಅದರ ಎರಡನೇ ಹಂತ 860. ಅಗಲ 200 ಇದ್ದರೆ ಮೊದಲನೆಯದೇ 860. ಎರಡೂ ಒಂದೇ ಕಡೆ ಬಿದ್ದು ಗಂಡಸಿನ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತೆ. ಎಷ್ಟು ಫೈಬರ್ ತುಂಬಿದರೂ ಪೂರ್ತಿ ಹೋಗಲ್ಲ.

210 × 287 × 365 ಇಟ್ಕೊಳ್ಳಿ. ಅದೂ 22 ಲೀಟರೇ, ಅಲೆಗಳು ಮಾತ್ರ 470, 600, 820 ಹರ್ಟ್ಜ್ ಹತ್ತಿರ ಚದುರಿ ಬೀಳುತ್ತವೆ. ಮುಂದಿನ ಹಾಗೂ ಹಿಂದಿನ ಹಲಗೆ ಉಳಿದ ನಾಲ್ಕನ್ನೂ ಮುಚ್ಚುವ ಹಾಗೆ ಜೋಡಿಸೋದಾದರೆ, 18 ಮಿ.ಮೀ. ಪ್ಲೈಗೆ ಒಂದು ಪೆಟ್ಟಿಗೆಯ ಕಟಿಂಗ್ ಪಟ್ಟಿ ಹೀಗೆ:

ಮುಂದೆ, ಹಿಂದೆ: 246 × 401, ಎರಡು
ಪಕ್ಕ: 287 × 401, ಎರಡು
ಮೇಲೆ, ಕೆಳಗೆ: 287 × 210, ಎರಡು
ಬ್ರೇಸ್: 287 × 210, ಒಂದು

ಎರಡು ಪೆಟ್ಟಿಗೆಗೆ ಸುಮಾರು 1.2 ಚದರ ಮೀಟರ್, ಅಂದರೆ 8 × 4 ಶೀಟಿನ ಅರ್ಧದಲ್ಲಿ ಮುಗಿಯುತ್ತೆ. ಒಂದು ಮಾತು: 18 ಅಂತ ಮಾರುವ ಪ್ಲೈ ಎಷ್ಟೋ ಸಲ 17.2, 17.5 ಇರುತ್ತೆ. ಮೊದಲು ವರ್ನಿಯರ್ ಹಿಡಿದು ಅಳೆಯಿರಿ, ಆಮೇಲೆ 246 ಮತ್ತು 401ನ್ನು ತಿದ್ದಿ. ಗರಗಸದ ಹಲ್ಲು ತಿನ್ನುವ 3-4 ಮಿ.ಮೀ. ಕೂಡ ಲೆಕ್ಕದಲ್ಲಿರಲಿ.

ಪೋರ್ಟ್. 63 ಅನ್ನೋದು ಹೊರವ್ಯಾಸ. ಒಳವ್ಯಾಸ ಪೈಪಿನ ದರ್ಜೆ ನೋಡಿಕೊಂಡು 58ರಿಂದ 60 ಇರುತ್ತೆ. ಸೂತ್ರ, ಸೆಂಟಿಮೀಟರ್ ಮತ್ತು ಲೀಟರ್‌ನಲ್ಲಿ: ಉದ್ದ = 23562 × ವ್ಯಾಸದ ವರ್ಗ ÷ (ಟ್ಯೂನಿಂಗ್ ಆವರ್ತನದ ವರ್ಗ × ಲೀಟರ್) − 0.73 × ವ್ಯಾಸ. ಟ್ಯೂನಿಂಗ್ ಅಂದರೆ ಪೋರ್ಟಿನ ಗಾಳಿ ಅನುರಣಿಸುವ ಆವರ್ತನ. 5.8 ಸೆಂ.ಮೀ., 42 ಹರ್ಟ್ಜ್, 20 ಲೀಟರ್ ಹಾಕಿದರೆ 18.2 ಸೆಂ.ಮೀ. ಹಿಂದಿನ ಹಲಗೆಯ ದಪ್ಪವೂ ಇದರಲ್ಲೇ ಸೇರಿತು. ಮೊದಲಿಗೆ 20 ಸೆಂ.ಮೀ. ಕತ್ತರಿಸಿ, ಅಂಟಿಸಬೇಡಿ. 35ರಿಂದ 50 ಹರ್ಟ್ಜ್ ತನಕ ಒಂದೊಂದೇ ಸೈನ್ ಟೋನ್ ಸಣ್ಣ ವಾಲ್ಯೂಮಿನಲ್ಲಿ ಕೊಡುತ್ತಾ ಹೋಗಿ. ಯಾವ ಆವರ್ತನದಲ್ಲಿ ಕೋನ್ ಬಹುತೇಕ ಅಲ್ಲಾಡದೆ ನಿಂತು ಪೋರ್ಟಿನ ಬಾಯಲ್ಲಿ ಗಾಳಿ ಜೋರಾಗಿರುತ್ತೋ ಅದೇ ನಿಮ್ಮ ಟ್ಯೂನಿಂಗ್. ಕಡಿಮೆ ಇದ್ದರೆ ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬನ್ನಿ. ಪೈಪಿನ ಒಳತುದಿ ವೂಫರ್ ಮ್ಯಾಗ್ನೆಟ್‌ಗೆ ಎದುರಾಗದ ಹಾಗೆ ಮೇಲ್ಭಾಗದಲ್ಲಿ, ಟ್ವೀಟರಿನ ಹಿಂದೆ ಬರಲಿ. ತುದಿಯ ಮುಂದೆ ಕನಿಷ್ಠ ಒಂದು ವ್ಯಾಸದಷ್ಟು ಜಾಗ ಖಾಲಿ ಬೇಕು.

ಕೋಣೆ ಚಿಕ್ಕದು, ಸ್ಪೀಕರ್ ಗೋಡೆಗೆ ಒತ್ತಿಕೊಂಡೇ ಇರೋದು ಅಂತಾದರೆ ಪೋರ್ಟ್ ಬಿಟ್ಟು ಸೀಲ್ಡ್ ಮಾಡೋದು ವಾಸಿ. ಇದೇ ವೂಫರ್‌ಗೆ 0.707 ಕ್ಯೂಟಿಸಿ (ಮುಚ್ಚಿದ ಪೆಟ್ಟಿಗೆಯೊಳಗೆ ಕೂತಾಗಿನ ಕ್ಯೂಟಿಎಸ್) ಬೇಕಾದರೆ 9 ಲೀಟರ್ ಸಾಕು, ಆದರೆ ಬೇಸ್ 78 ಹರ್ಟ್ಜ್ ಹತ್ತಿರವೇ ಇಳಿಯೋಕೆ ಶುರು.

ಬೀಟೆಮರ:

ದಪ್ಪದ ಪ್ರಶ್ನೆಗೆ ನನ್ನ ಉತ್ತರ: 25 ಬೇಡ. 18ಕ್ಕೆ ಒಂದು ಬ್ರೇಸ್ ಹಾಕಿದರೆ ಬ್ರೇಸ್ ಇಲ್ಲದ 25ಕ್ಕಿಂತ ಗಟ್ಟಿ. ಬಿಬಿಸಿಯವರ ಎಲ್‌ಎಸ್3/5ಎ ಸ್ಪೀಕರಿನ ಪೆಟ್ಟಿಗೆ ಬರೀ 12 ಮಿ.ಮೀ. ಬರ್ಚ್ ಪ್ಲೈ, ಒಳಗೆ ಡಾಂಬರಿನ ಹಾಳೆ ಅಂಟಿಸಿದ್ದು. ಅಲ್ಲಿನ ಉಪಾಯವೇ ಬೇರೆ: ಕಂಪನವನ್ನು ತಡೆಯೋದಲ್ಲ, ಅದನ್ನು ಕೆಳಗಿನ ಆವರ್ತನಕ್ಕೆ ತಳ್ಳಿ ಅಲ್ಲೇ ನುಂಗಿಸೋದು. ದಪ್ಪಕ್ಕೆ ಸುರಿಯುವ ದುಡ್ಡನ್ನು ಪ್ಯಾನೆಲ್ ಸಾ ಇರುವ ಅಂಗಡಿಯಲ್ಲಿ ನೆಟ್ಟಗೆ ಕತ್ತರಿಸೋಕೆ ಕೊಡಿ.

ಪ್ಲೈ ಆರಿಸುವಾಗ ಐಎಸ್ 710 (ಮರೈನ್ ಪ್ಲೈ ಮಾನದಂಡ) ಮುದ್ರೆ ಇರೋದನ್ನೇ ತಗೊಳ್ಳಿ. ಮುದ್ರೆ ಇದ್ದರೂ ನಾಲ್ಕೂ ಅಂಚು ನೋಡಿ. ಪದರಗಳ ನಡುವೆ ಕಪ್ಪು ಸಂದು ಕಂಡರೆ ಆ ಶೀಟ್ ಬೇಡ. ಬೆರಳಗಂಟಿನಿಂದ ತಟ್ಟುತ್ತಾ ಹೋದರೆ ಟೊಳ್ಳಿರುವ ಕಡೆ ಶಬ್ದ ಬದಲಾಗುತ್ತೆ. ಒಳಗಿನ ಆ ಟೊಳ್ಳಿನಲ್ಲಿ ಸಡಿಲ ಚೂರು ಇದ್ದರೆ ಪೆಟ್ಟಿಗೆ ಮುಗಿದ ಮೇಲೆ ಒಂದೇ ಒಂದು ಸ್ವರಕ್ಕೆ ಜಿರ್ರ್ ಅನ್ನುತ್ತೆ, ಎಲ್ಲಿಂದ ಅಂತ ಹುಡುಕೋಕಾಗಲ್ಲ. ಮುಂದಿನ ಹಲಗೆಗೆ ಮಾತ್ರ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಎಚ್‌ಡಿಎಚ್‌ಎಂಆರ್ (ಅದರದ್ದೇ ದಟ್ಟವಾದ, ತೇವ ತಡೆಯುವ ಬಗೆ) ಹಾಕಬಹುದು, ರೌಟರ್‌ನಲ್ಲಿ ಅಂಚು ಚೊಕ್ಕ ಬರುತ್ತೆ. ನಿಮ್ಮ ಕಡೆಯ ತೇವಕ್ಕೆ ಮಾಮೂಲಿ ಎಂಡಿಎಫ್ ಬೇಡ, ಅಂಚು ಉಬ್ಬುತ್ತೆ.

ತೂತು ಕೊರೆಯುವ ಕ್ರಮ ಮುಖ್ಯ. ಮೊದಲು ಫ್ರೇಮ್ ಕೂರುವ ತಗ್ಗು, ಆಮೇಲೆ ಆರುಪಾರು ತೂತು. ಹಿಂದುಮುಂದಾದರೆ ಸರ್ಕಲ್ ಜಿಗ್‌ನ ನಡುಮೊಳೆ ಕೂರೋಕೆ ಮರವೇ ಇರಲ್ಲ. ಟ್ರಿಮ್ಮರ್‌ಗೆ 6 ಮಿ.ಮೀ. ಬಿಟ್, ಒಂದು ಸುತ್ತಿಗೆ 3 ಮಿ.ಮೀ. ಆಳಕ್ಕಿಂತ ಹೆಚ್ಚು ಬೇಡ. ಕೊನೆಯ 1 ಮಿ.ಮೀ. ಹಾಗೇ ಬಿಟ್ಟು ಉಳಿಯಿಂದ ಬಿಡಿಸಿ. ಪೂರ್ತಿ ಕೊರೆದರೆ ನಡುವಿನ ಬಿಲ್ಲೆ ಕಳಚಿ ಬಿಟ್‌ಗೆ ತಗುಲಿ ತೂತಿನ ಅಂಚೇ ಕಿತ್ತು ಹೋಗುತ್ತೆ. ತಗ್ಗಿನ ವ್ಯಾಸ ಫ್ರೇಮಿಗಿಂತ 1 ಮಿ.ಮೀ. ದೊಡ್ಡದಿರಲಿ, ವಿನೀರ್ ಮತ್ತು ಪಾಲಿಶ್ ಅಂಚಿನಲ್ಲಿ ಜಾಗ ತಿನ್ನುತ್ತವೆ. ವೂಫರ್ ತೂತಿನ ಒಳಬದಿಯನ್ನು 45 ಡಿಗ್ರಿಗೆ ಇಳಿಜಾರು ಮಾಡಿ, ಸ್ಕ್ರೂ ಬರುವ ಕಡೆ ಮಾತ್ರ ಮರ ಬಿಡಿ. 18 ಮಿ.ಮೀ. ಕೊಳವೆಯೊಳಗೆ ಕೂತ ಕೋನ್‌ನ ಬೆನ್ನಿಗೆ ಉಸಿರಾಡೋಕೆ ಜಾಗ ಸಾಲದು.

ಬ್ರೇಸ್ ಹಲಗೆಯ ನಡುವೆ ನಾಲ್ಕು ಕಿಟಕಿ ಕೊರೆದು ಅರ್ಧಕ್ಕಿಂತ ಹೆಚ್ಚು ಮರ ತೆಗೆಯಿರಿ. ಎತ್ತರದ ಸರಿಯಾಗಿ ಮಧ್ಯಕ್ಕೆ ಇಡಬೇಡಿ, ಪಕ್ಕದ ಹಲಗೆ ಎರಡು ಸಮ ಭಾಗವಾಗಿ ಎರಡೂ ಒಂದೇ ಸ್ವರಕ್ಕೆ ಗುಂಯ್‌ಗುಟ್ಟುತ್ತವೆ. ಮೇಲಿನಿಂದ ಐದರಲ್ಲಿ ಎರಡು ಭಾಗದ ಹತ್ತಿರ, ಮ್ಯಾಗ್ನೆಟ್‌ಗೂ ಪೋರ್ಟಿಗೂ ತಾಗದ ಕಡೆ ಕೂರಿಸಿ.

ಅಂಟು: ಫೆವಿಕಾಲ್ ಮರೈನ್. ಎರಡೂ ಮುಖಕ್ಕೆ ತೆಳ್ಳಗೆ ಸವರಿ ಕ್ಲ್ಯಾಂಪ್ ಬಿಗಿದಾಗ ಉದ್ದಕ್ಕೂ ಸಣ್ಣ ಮಣಿಮಣಿಯಾಗಿ ಹೊರಬರಬೇಕು. ಬರದಿದ್ದರೆ ಅಂಟು ಸಾಲದು, ಧಾರೆಯಾಗಿ ಸುರಿದರೆ ಹೆಚ್ಚಾಯಿತು. ವಿನೀರ್ ಬರುವ ಮುಖದಲ್ಲಿ ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ಕರ್ಣ ಎರಡೂ ಸಮ ಇವೆಯೇ ಅಂತ ಟೇಪ್ ಹಿಡಿದು ನೋಡಿ, ಆಮೇಲೆ 24 ಗಂಟೆ ಮುಟ್ಟಬೇಡಿ.

ಘಟ್ಟದಕೆಳಗಿನವ:

ಇಬ್ಬರಿಗೂ ಧನ್ಯವಾದ. ಅಳತೆ ಬದಲಾಯಿಸಿದೆ. ಇನ್ನೊಂದು ಉಂಟು: ಹಳೇ ಮನೆ ಬಿಚ್ಚಿದಾಗ ಸಿಕ್ಕಿದ ತೇಗದ ಹಲಗೆಗಳು, ಹತ್ತಿಂಚು ಅಗಲದ್ದು. ಪಕ್ಕದ ಹಲಗೆಗೆ ಪ್ಲೈ ಬದಲು ಅದನ್ನೇ ಹಾಕಿದರೆ ವಿನೀರ್ ಖರ್ಚೇ ಇಲ್ಲ ಅಲ್ವಾ? ಮತ್ತೆ ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವ ಅರಗಿನ ಬಣ್ಣವನ್ನು ಇದಕ್ಕೆ ಹಾಕ್ಲಿಕ್ಕೆ ಆಗ್ತದಾ?

ಅರಗು_ಸ್ಪಿರಿಟ್:

ಇಡೀ ತೇಗದ ಹಲಗೆ ಎಷ್ಟೇ ಹಳೇದಾದರೂ ಋತು ನೋಡಿಕೊಂಡು ಅಗಲದಲ್ಲಿ ಹಿಗ್ಗಿ ಕುಗ್ಗುತ್ತೆ, ಉದ್ದದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಿಮ್ಮ ಕಡೆ ಬೇಸಿಗೆಗೂ ಮಳೆಗಾಲದ ಆಟಿ ತಿಂಗಳಿಗೂ ನಡುವೆ ಹತ್ತಿಂಚಿನ ಹಲಗೆ 2 ಮಿ.ಮೀ. ತನಕ ಅಲ್ಲಾಡಬಹುದು. ಅದಕ್ಕೆ ಅಂಟಿಸಿದ ಪ್ಲೈ ಅಲ್ಲಾಡಲ್ಲ. ಒಂದೋ ಅಂಟು ಬಿಡುತ್ತೆ, ಇಲ್ಲಾ ಹಲಗೆ ಸೀಳುತ್ತೆ, ಹೇಗಾದರೂ ಗಾಳಿ ಸೋರುತ್ತೆ. ಆ ಮರವನ್ನು 6 ಮಿ.ಮೀ. ಪಟ್ಟಿ ಸೀಳಿಸಿ ಮುಂದಿನ ಅಂಚುಗಳಿಗೆ ಬೀಡಿಂಗ್ ಹಾಕಿ, 3-4 ಮಿ.ಮೀ. ದುಂಡಗೆ ಮಾಡಬಹುದು, ತಟ್ಟಿದರೂ ವಿನೀರ್ ಏಳಲ್ಲ.

ಚನ್ನಪಟ್ಟಣದ ಕೆಲಸ ಲೇತಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಕರಗಿ ಹರಡುತ್ತೆ, ತಾಳೆಗರಿಯಿಂದ ಹೊಳಪು ಬರುತ್ತೆ. ಚಪ್ಪಟೆ ಹಲಗೆಗೆ ಆಗದ ಮಾತು. ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಸ್ಪಿರಿಟ್ ಪಾಲಿಶ್ ಹಾಕಬಹುದು, ಆದರೆ ತೇವಕ್ಕೆ ಅದೂ ಮಂಕಾಗುತ್ತೆ, ಬಿಸಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತೆ.

ವಿನೀರ್. ಅಂಗಡಿಯಲ್ಲಿ ಟೀಕ್ ಪ್ಲೈ ಅಂತ ಕೊಡೋದು 4 ಮಿ.ಮೀ. ಪ್ಲೈಗೆ ಅಂಟಿಸಿದ್ದು, ಅದನ್ನು ಹಚ್ಚಿದರೆ ಅಂಚು ಕಾಣುತ್ತೆ. ಬರೀ 0.5 ಮಿ.ಮೀ. ವಿನೀರ್ ಕೇಳಿ. ಪೆಟ್ಟಿಗೆಗೂ ವಿನೀರಿನ ಬೆನ್ನಿಗೂ ಫೆವಿಕಾಲ್ ಸಮನಾಗಿ ಸವರಿ ಕೈಗೆ ಅಂಟದ ತನಕ ಒಣಗಿಸಿ. ಆಮೇಲೆ ಜೋಡಿಸಿ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಮಧ್ಯಮ ಬಿಸಿಯಲ್ಲಿ ನಡುವಿನಿಂದ ಅಂಚಿಗೆ ನಿಧಾನಕ್ಕೆ ಒತ್ತಿ, ಹಿಂದೆಯೇ ಮರದ ತುಂಡಿನಿಂದ ಉಜ್ಜುತ್ತಾ ಬನ್ನಿ. ಬಿಸಿಗೆ ವಿನೀರ್ ಕುಗ್ಗುತ್ತೆ, ಸುತ್ತಲೂ 10 ಮಿ.ಮೀ. ಹೆಚ್ಚಿಗೆ ಇರಲಿ. ಪಕ್ಕ ಮೊದಲು, ಆಮೇಲೆ ಮೇಲ್ಭಾಗ. ಮುಂಭಾಗ ಕೊನೆಗೆ, ಆಗ ಕೂಡುಗೆರೆ ಎದುರಿಗೆ ಕಾಣಲ್ಲ. ರಬ್ಬರ್ ಅಂಟು ಬೇಡವೇ ಬೇಡ. ಪಾಲಿಶಿನ ಥಿನ್ನರ್ ವಿನೀರಿನೊಳಗೆ ಇಳಿದು ಅಂಟನ್ನು ಮೆತ್ತಗೆ ಮಾಡಿ ಗುಳ್ಳೆ ಏಳಿಸುತ್ತೆ.

ಸ್ಯಾಂಡ್ ಪೇಪರ್ 180, 240, ಮರದ ಎಳೆಯ ದಿಕ್ಕಿಗೇ. ಮೂಲೆಯಲ್ಲಿ ಕೈ ಹಗುರವಿರಲಿ, ಅರ್ಧ ಮಿಲಿಮೀಟರ್ ಸವೆಯೋಕೆ ನಾಲ್ಕು ಎಳೆತ ಸಾಕು.

ಬೆಳ್ಳಗಾಗುವ ಕಾರಣ: ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತೆ. ನಿಧಾನ ಆರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಬೆರೆಸಿದರೆ ತಗ್ಗುತ್ತೆ, ಆದರೆ ಜಡಿಮಳೆಯ ದಿನ ಅದೂ ಕೈಕೊಡುತ್ತೆ. ಕಾಯೋಕಾಗಲ್ಲ ಅಂದರೆ ಮೆಲಮೈನ್ ಬಿಟ್ಟು ಎಣ್ಣೆ ಆಧಾರದ ಒಂದೇ ಡಬ್ಬಿಯ ಪಿಯು (ಪಾಲಿಯುರಿಥೇನ್ ಪಾಲಿಶ್) ತಗೊಳ್ಳಿ. ಮಿನರಲ್ ಟರ್ಪೆಂಟೈನ್ ಸಮಪಾಲು ಬೆರೆಸಿ, ಹತ್ತಿ ಬಟ್ಟೆಯಿಂದ ತೆಳ್ಳಗೆ ಒರೆಸಿದ ಹಾಗೆ ಹಚ್ಚಿ. ನಾಲ್ಕೈದು ಕೈ, ಕೈ ಕೈಗೂ ಒಂದು ದಿನ ಬಿಡುವು, ನಡುವೆ 320ರಲ್ಲಿ ಹಗುರಕ್ಕೆ ಉಜ್ಜಿ ಧೂಳು ಒರೆಸೋದು. ನಿಧಾನ, ಆದರೆ ಬೆಳ್ಳಗಾಗಲ್ಲ. ಆ ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತುತ್ತೆ. ಹರಡಿ ಹೊರಗೆ ಒಣಗಿಸಿ.

ಲೀಟರ್‌ಲೆಕ್ಕ:

ಬೀಟೆಮರ ಅವರ ಮುಂದಿನ ಹಲಗೆಯ ಸಲಹೆಗೆ ನನ್ನದು ಸಣ್ಣ ತಕರಾರು. ಪ್ಲೈ ಮತ್ತು ಎಂಡಿಎಫ್ ಬೇರೆ ಬೇರೆ ಥರ ತೇವ ಕುಡಿಯುತ್ತವೆ, ಪುತ್ತೂರಿನಂಥ ಕಡೆ ಒಂದೆರಡು ಮಳೆಗಾಲ ಕಳೆದ ಮೇಲೆ ಕೂಡುಗೆರೆ ವಿನೀರಿನ ಮೇಲೂ ಎದ್ದು ಕಾಣುತ್ತೆ. ಆರೂ ಹಲಗೆ ಒಂದೇ ಶೀಟಿನದಿರಲಿ.

ಕೊನೆಯ ಜೋಡಣೆಗೆ ಮುಂಚೆ ಸೋರಿಕೆ ನೋಡಿ. ವೂಫರ್ ಹಾಕಿ, 40 ಹರ್ಟ್ಜ್ ಟೋನ್ ಕೊಟ್ಟು, ಊದಿನಕಡ್ಡಿಯನ್ನು ಕೂಡುಗೆರೆ, ಟರ್ಮಿನಲ್ ಡಬ್ಬಿ, ಫ್ರೇಮಿನ ಸುತ್ತ ಹಿಡಿಯಿರಿ. ಪೋರ್ಟಿನ ಬಾಯಿ ಬಿಟ್ಟು ಬೇರೆಲ್ಲಾದರೂ ಹೊಗೆ ನಡುಗಿದರೆ ಅಲ್ಲಿ ಸಂದಿದೆ, ಒಳಗಿನಿಂದ ಸಿಲಿಕೋನ್ ಸೀಲಂಟ್ ಎಳೆಯಿರಿ. ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವ ತನಕ ವೂಫರ್ ತೆಗೆದಿಡಿ. ಫ್ರೇಮ್ ಕೆಳಗೆ 3 ಮಿ.ಮೀ. ಫೋಮ್ ಟೇಪ್ ಸಾಕು.

ಒಳಗೆ 25 ಮಿ.ಮೀ. ಪಾಲಿಯೆಸ್ಟರ್ ಫೈಬರ್, ಹಿಂದೆ, ಮೇಲೆ, ಒಂದು ಪಕ್ಕಕ್ಕೆ. ಬೂರುಗದ ಹತ್ತಿ ಹಾಕುವವರಿದ್ದಾರೆ, ಅದು ಕೆಳಗೆ ಕುಸಿಯುತ್ತೆ, ಹುಳವೂ ಬರುತ್ತೆ. ಪೋರ್ಟಿನ ಒಳತುದಿಗೆ ಏನೂ ಅಡ್ಡ ಬರಬಾರದು.

ಸ್ಕ್ರೂ ಹಾಕುವಾಗ ಪೈಲಟ್ ತೂತು 2.5 ಮಿ.ಮೀ., ಸ್ಕ್ರೂ 4 ಮಿ.ಮೀ. ಡ್ರಿಲ್ ಮೆಷಿನ್ ಬೇಡ, ಕೈಯಲ್ಲೇ ತಿರುಗಿಸಿ. ಕೋನ್ ಮೇಲೆ ಒಂದು ರಟ್ಟು ಮುಚ್ಚಿರಲಿ. ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಎಳೆದುಕೊಳ್ಳುವುದು ಕಣ್ಣಿಗೆ ಕಾಣುವಷ್ಟು ನಿಧಾನಕ್ಕಲ್ಲ.