ಸ್ಪ್ಲಿಟರ್ ಜೋಡಿಸಿದ ಮೇಲೆ ಪ್ರೊಜೆಕ್ಟರಿನಲ್ಲಿ ಚಿತ್ರವೇಕೆ ಬರುವುದಿಲ್ಲ?

ಪ್ರಶ್ನೆ: ಬದಿಯಡ್ಕದ ಅಧ್ಯಾಪಕ
ನಮ್ಮ ಊರಿನ ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ ಕೂಟ ನಡೆಯುವಾಗ, ಊಟದ ಚಪ್ಪರದಲ್ಲಿ ಬಡಿಸುವವರಿಗೂ ಕಾಣಲಿ ಎಂದು ಲ್ಯಾಪ್‌ಟಾಪಿನ ಚಿತ್ರವನ್ನು ಎಚ್‌ಡಿಎಂಐ ಸ್ಪ್ಲಿಟರಿನ ಮೂಲಕ ಎರಡು ಕಡೆಗೆ ಕೊಡುತ್ತೇವೆ. ಮೊದಲನೆಯ ಔಟ್‌ಪುಟ್ಟಿಗೆ ಚಪ್ಪರದ ಹೊಸ 4ಕೆ ಟಿವಿ, ಎರಡನೆಯದಕ್ಕೆ ಸಭಾಭವನದ 1280×800ರ ಹಳೆಯ ಪ್ರೊಜೆಕ್ಟರ್. ಒಂದೊಂದನ್ನೇ ಜೋಡಿಸಿದರೆ ಎರಡೂ ಸರಿಯಾಗಿವೆ. ಒಟ್ಟಿಗೆ ಜೋಡಿಸಿದರೆ ಪ್ರೊಜೆಕ್ಟರ್ ಕತ್ತಲೆ. ಕಳೆದ ಕೂಟದಲ್ಲಿ ಪೀಠಿಕೆ ಮುಗಿಯುವವರೆಗೂ ಕೇಬಲ್ ಬದಲಿಸುತ್ತಲೇ ಇದ್ದೆವು. ಕೆಟ್ಟಿರುವುದು ಯಾವುದು?

ಉತ್ತರ: ಕುಂಬಳೆಯ ಧ್ವನಿ-ಬೆಳಕಿನ ಕೆಲಸಗಾರ
ಮಾಸ್ತರರೇ, ಯಾವುದೂ ಕೆಟ್ಟಂತಿಲ್ಲ. ಪ್ರತಿಯೊಂದು ಪರದೆಯೂ ತಾನು ಒಪ್ಪುವ ರೆಸಲ್ಯೂಶನ್, ಧ್ವನಿಯ ಬಗೆ ಮುಂತಾದವನ್ನು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ; ಅದರ ಮೂಲ ಭಾಗ ಬರೇ 128 ಬೈಟ್. ಕೇಬಲ್ ಸಿಕ್ಕಿಸಿದಾಗ ಲ್ಯಾಪ್‌ಟಾಪ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ, ಪರದೆಯು 19ನೆಯ ಪಿನ್ನಿನಲ್ಲಿ ತಾನಿರುವುದನ್ನು ತಿಳಿಸುತ್ತದೆ, ಆಮೇಲೆ 15 ಮತ್ತು 16ನೆಯ ಪಿನ್ನುಗಳ ಮೂಲಕ ಆ ದಾಖಲೆಯನ್ನು ಓದಿಕೊಂಡ ಲ್ಯಾಪ್‌ಟಾಪ್ ಅದಕ್ಕೆ ಹೊಂದುವ ಸಿಗ್ನಲ್ ಕಳಿಸುತ್ತದೆ. ನಡುವೆ ಸ್ಪ್ಲಿಟರ್ ಬಂದಾಗ ದಾಖಲೆಗಳು ಎರಡು, ಹೊರಡುವ ಸಿಗ್ನಲ್ ಮಾತ್ರ ಒಂದೇ. ಸಾಮಾನ್ಯ ಸ್ಪ್ಲಿಟರುಗಳಲ್ಲಿ ಅನೇಕವು ಮೊದಲನೆಯ ಔಟ್‌ಪುಟ್ಟಿನ ದಾಖಲೆಯನ್ನೇ ಲ್ಯಾಪ್‌ಟಾಪಿಗೆ ಒಪ್ಪಿಸುತ್ತವೆ. ಟಿವಿ 4ಕೆ ಒಪ್ಪುತ್ತದೆ ಎಂದು ಓದಿದ ಲ್ಯಾಪ್‌ಟಾಪ್ 4ಕೆ ಕಳಿಸಿದರೆ ಹಳೆಯ ಪ್ರೊಜೆಕ್ಟರ್ ಅದನ್ನು ಹೇಗೆ ತೋರಿಸೀತು? ಎರಡು ಕೇಬಲುಗಳನ್ನು ಅದಲುಬದಲು ಮಾಡಿ ನೋಡಿ. ಕಾರಣ ಇದೇ ಆಗಿದ್ದರೆ ಪ್ರೊಜೆಕ್ಟರಿನಲ್ಲಿ ಚಿತ್ರ ಬರುತ್ತದೆ.

ಉತ್ತರ: ಮಂಜೇಶ್ವರದಿಂದ
ಅದಲುಬದಲು ಪರೀಕ್ಷೆಗೆ ಸರಿ, ಪರಿಹಾರವಾಗಿ ಬೇಡ. ಪ್ರೊಜೆಕ್ಟರಿನ ದಾಖಲೆಯಲ್ಲಿ ಧ್ವನಿಯ ವಿವರವೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ಧ್ವನಿಯನ್ನು ಕಳಿಸದೆ ಟಿವಿಯೂ ಮೌನವಾದೀತು, ಮತ್ತು ಅರ್ಥಗಾರಿಕೆ ಕೇಳಿಸದ ತಾಳಮದ್ದಳೆಯನ್ನು ಯಾರು ನೋಡುತ್ತಾರೆ? ಸ್ಪ್ಲಿಟರಿನ ಬದಿಯಲ್ಲಿ ಇಡಿಐಡಿ ಎಂದು ಬರೆದ ಸಣ್ಣ ಸ್ವಿಚ್‌ಗಳಿದ್ದರೆ 1080ಪಿ (ಅಂದರೆ 1920×1080), ಎರಡು ಚಾನೆಲ್ ಧ್ವನಿಗೆ ಇಡಿ. ಆಗ ಎರಡು ಪರದೆಗಳಲ್ಲಿ ಯಾವುದನ್ನೂ ಕೇಳದೆ ಸ್ಪ್ಲಿಟರೇ ಒಂದು ಸ್ಥಿರ ಉತ್ತರ ಕೊಡುತ್ತದೆ. 1280×800ರ ಪ್ರೊಜೆಕ್ಟರುಗಳಲ್ಲಿ ಹೆಚ್ಚಿನವು 1080ಪಿ ಚಿತ್ರವನ್ನು ತಾವೇ ಕುಗ್ಗಿಸಿ ತೋರಿಸುತ್ತವೆ. ಸ್ವಿಚ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಡಿಸ್ಪ್ಲೇ ಸೆಟ್ಟಿಂಗಿನಲ್ಲೇ 1920×1080, 60 ಹರ್ಟ್ಸ್ ಆಯ್ದುಕೊಳ್ಳಿ. ಸೆಟ್‌ಟಾಪ್ ಬಾಕ್ಸ್ ಜೋಡಿಸುವುದಾದರೆ ನಕಲು ತಡೆಯಲೆಂದು ಇರುವ ಎಚ್‌ಡಿಸಿಪಿ ಎಂಬ ಬೇರೆ ತಪಾಸಣೆಯೂ ಇದೆ; ಅದು ಇಡಿಐಡಿಯಿಂದ ಬಗೆಹರಿಯದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಅದಲುಬದಲು ಮಾಡಿದಾಗ ಪ್ರೊಜೆಕ್ಟರಿನಲ್ಲಿ ಚಿತ್ರ ಬಂತು, ಮಂಜೇಶ್ವರದವರು ಹೇಳಿದಂತೆಯೇ ಟಿವಿಯ ಧ್ವನಿ ಹೋಯಿತು. ಸ್ವಿಚ್ಚನ್ನು 1080ಪಿಗೆ ಇಟ್ಟು ಸ್ಪ್ಲಿಟರನ್ನು ಒಮ್ಮೆ ಆರಿಸಿ ಹಾಕಿದ ಮೇಲೆ ಎರಡೂ ಕಡೆ ಚಿತ್ರವಿದೆ, ಚಪ್ಪರದಲ್ಲಿ ಧ್ವನಿಯೂ ಇದೆ.