ಸಹಾಯ ಬೇಕು: ಓದುವವರನ್ನು ಒಪ್ಪಿಸುವ ಹಾಗೆ ಬರೆಯೋದನ್ನ ಡಿಗ್ರಿ ಮಕ್ಕಳಿಗೆ ಹೇಗೆ ಕಲಿಸೋದು?

ಎಲ್ಲರಿಗೂ ನಮಸ್ಕಾರ. ಮೊದಲ ವರ್ಷದ ಬಿ.ಎ. ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಈ ಸಲ ಓದುವವರು ಒಪ್ಪುವ ಹಾಗೆ ಬರೆಯೋದು ಹೇಗೆ ಅಂತಲೂ ಕಲಿಸುತ್ತಿದ್ದೇನೆ.

ಮೊನ್ನೆ, ಊರಿಗೆ ಇನ್ನೊಂದು ಬಸ್ ಬೇಕು ಅಂತ ಡಿಪೋ ಮ್ಯಾನೇಜರ್‌ಗೆ ಅರ್ಜಿ ಬರೆಸಿದೆ. ಹೆಚ್ಚು ಕಮ್ಮಿ ಎಲ್ಲವೂ ಒಂದೇ ಅಚ್ಚು: ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ...’ ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: ‘7.30ರ ಬಸ್ ತಪ್ಪಿದರೆ ಮುಂದಿನದು 10ಕ್ಕೆ. ಅಷ್ಟರಲ್ಲಿ ಎರಡು ಪೀರಿಯಡ್ ಮುಗಿದಿರುತ್ತೆ.’ ಓದಿ ತುಂಬಾ ಖುಷಿಯಾಯ್ತು.

ಅರಿಸ್ಟಾಟಲ್ ಹೇಳಿದ ಮೂರು ದಾರಿ, ಅಂದರೆ ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ, ಇವನ್ನು ಆ ಅರ್ಜಿ ಇಟ್ಟುಕೊಂಡೇ ವಿವರಿಸಿದೆ. ಆದರೆ ಬರೀ ಗ್ರೀಸಿನದೇ ಆದರೆ ಸಾಲದು ಅಲ್ವಾ? 9ನೇ ಶತಮಾನದ ನಮ್ಮ ಕವಿರಾಜಮಾರ್ಗದಲ್ಲೂ ಬರವಣಿಗೆಯ ದೋಷ, ಅಲಂಕಾರ ಎಲ್ಲಾ ಇದೆ. ಸಂಸ್ಕೃತ, ಕನ್ನಡ ಪದಗಳನ್ನು ಹದ ತಿಳಿಯದೆ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅನ್ನುತ್ತೆ. ಎಷ್ಟು ಚೆಂದದ ಹೋಲಿಕೆ! ಆದರೆ ಹಳಗನ್ನಡ ಅಂದ ಕೂಡಲೇ ಮಕ್ಕಳು ಹೆದರುತ್ತಾರೆ.

ಕವಿರಾಜಮಾರ್ಗವನ್ನು ಬರವಣಿಗೆಯ ಪಾಠಕ್ಕೆ ಬಳಸಿದವರು ಇದ್ದೀರಾ? ಯಾವ ಪದ್ಯಗಳಿಂದ ಶುರು ಮಾಡಿದಿರಿ? ಒಂದು ಪೀರಿಯಡ್‌ನಲ್ಲಿ ಮುಗಿಯುವ ಅಭ್ಯಾಸ ಇದ್ದರೂ ದಯವಿಟ್ಟು ಹಂಚಿಕೊಳ್ಳಿ. ಸೋಮವಾರ ಕ್ಲಾಸ್ ಇದೆ.