ಅಪ್‌ಡೇಟ್: ಮಾವನ ಸೀರೆ ಅಂಗಡಿಯ ಸೇಲ್ ಬೋರ್ಡ್

ದಾವಣಗೆರೆ ಮಂಡಿಪೇಟೆಯಲ್ಲಿರುವ ಸೋದರಮಾವನ ಸೀರೆ ಅಂಗಡಿಯ ದೀಪಾವಳಿ ಬೋರ್ಡಿನ ಇಂಗ್ಲಿಷ್ ಸರಿ ಇದೆಯಾ ಅಂತ ಕೇಳಿದ್ದೆ. ಪ್ರಿಂಟಿಂಗ್‌ನವರು ಕಳಿಸಿದ್ದು ಹೀಗಿತ್ತು: ‘ಫ್ಲಾಟ್ ಅಪ್ ಟು 50% ಆಫ್, ಟಿಲ್ ಸ್ಟಾಕ್ ಲಾಸ್ಟ್’. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಬೋರ್ಡ್ ಬದಲಾಯಿತು.

‘ಫ್ಲಾಟ್’ ತೆಗೆಸಿದೆವು. ಅದಿದ್ದರೆ ಎಲ್ಲ ಸೀರೆಗೂ ಅರ್ಧ ಬೆಲೆ ಅಂತ ಆಗುತ್ತದೆ. ‘ಅಪ್ ಟು’ ಅಂದರೆ ಹೆಚ್ಚೆಂದರೆ ಅಷ್ಟು. ಎರಡೂ ಒಟ್ಟಿಗೆ ಸರಿಹೋಗುವುದಿಲ್ಲ, ಅಲ್ವಾ? ಕೊನೆಯ ಸಾಲು ‘ವೈಲ್ ಸ್ಟಾಕ್ಸ್ ಲಾಸ್ಟ್’ ಆಯಿತು.

ಜಾಸ್ತಿ ಚರ್ಚೆ ಆಗಿದ್ದು ಅದೇ ಬೋರ್ಡಿನಲ್ಲಿ ರೇಷ್ಮೆ ಸೀರೆಗೆ ಅಂತ ಬೇರೆಯಾಗಿ ಹಾಕಿದ್ದ ‘50% + 20% ಆಫ್’ ಬಗ್ಗೆ. ಓದಿದವರು ಸುಲಭವಾಗಿ 70% ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಲ್ಲ. 1,000 ರೂಪಾಯಿಯ ಸೀರೆ ಮೊದಲು 500 ಆಗುತ್ತದೆ. ಆ 500ರಲ್ಲಿ 20% ಕಳೆದರೆ 400. ಒಟ್ಟು ಸಿಕ್ಕಿದ್ದು 60%.

‘ಬೇರೆ ಅಂಗಡಿಯವರೆಲ್ಲ ಹಿಂಗೇ ಹಾಕ್ತಾರಲ್ಲೋ’ ಅಂದರು ಮಾವ.

‘ಬಿಲ್ ಮಾಡುವಾಗ ಗಿರಾಕಿ ಜಗಳಕ್ಕೆ ನಿಂತರೆ ಏನು ಹೇಳ್ತೀರಿ ಮಾವ?’ ಅಂದೆ.

ಸ್ವಲ್ಪ ಹೊತ್ತು ಯೋಚಿಸಿ ‘ಫ್ಲಾಟ್ 60% ಆಫ್’ ಅಂತಲೇ ಬರೆಸಿದರು. ಇಲ್ಲಿ ಫ್ಲಾಟ್ ಸರಿ, ರೇಷ್ಮೆ ಸೀರೆಗೆಲ್ಲ ಅದೇ ರಿಯಾಯಿತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಮೇಲೂ ಕ್ರಮ ಇದೆ ಅಂತ ನೀವು ನೆನಪಿಸಿದ್ದು ಒಳ್ಳೆಯದಾಯಿತು.

‘ಬೈ 2 ಗೆಟ್ 1 ಫ್ರೀ’ ಹಾಗೇ ಉಳಿಯಿತು. ಮೂರರಲ್ಲಿ ಕಡಿಮೆ ಬೆಲೆಯದ್ದು ಫ್ರೀ ಅಂತ ಕೆಳಗೆ ಕನ್ನಡದಲ್ಲಿ ಸೇರಿಸಿದೆವು. ಪಾಂಪ್ಲೆಟ್ ಇನ್ನೂ ಪ್ರಿಂಟಿಗೆ ಹೋಗಿಲ್ಲ, ಅದರಲ್ಲೂ ಇದನ್ನೇ ಹಾಕಿಸುತ್ತೇವೆ.